ಬಾನೆಟ್ ಬಿಚ್ಚಿ ಮಾತಾಡಿದ ಧನಗೆರೆಯ ಮಾರುತಿ

ಸಾರಿಗೆ ನೀತಿಯ ಬಗ್ಗೆ ಮಂತ್ರಿಗಳು ಮಾತಾಡಿದ್ದಾರೆ, ತಜ್ಞರು ಮಾತಾಡಿದ್ದಾರೆ, ಸಿಗ್ನಲ್ಲಿನಲ್ಲಿ ನಿಂತು ಬೇಸತ್ತವರೆಲ್ಲ ಮಾತಾಡಿದ್ದಾರೆ. ‘ಮನೆಯಲ್ಲೇ ಬಿಟ್ಟು ಬನ್ನಿ’ ಎಂದು ಇವರೆಲ್ಲ ಯಾರ ಬಗ್ಗೆ ಹೇಳುತ್ತಾರೋ ಆ ಕಾರಿನ ಅಭಿಪ್ರಾಯವನ್ನು ಮಾತ್ರ ಇದುವರೆಗೆ ಯಾರೂ ಕೇಳಿದಂತಿಲ್ಲ. ಕೇಳಲು ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಗೆ ಹೋಗಬೇಕಾಯಿತು. ಅಲ್ಲಿ ಒಂದು ಮನೆಯ ಕೊಟ್ಟಿಗೆಗೆ ತಾಗಿದ ತಗಡಿನ ಚಪ್ಪರದಡಿ ಬಿಳಿ ಮಾರುತಿ 800 ಒಂದು ನಿಂತಿದೆ. 2004ರ ಮಾಡೆಲ್. ನಂಬರ್ ಪ್ಲೇಟಿನಲ್ಲಿ ಕೆಎ 05, ಅಂದರೆ ಜಯನಗರದ ಕೂಸು; ಮಾತಿನಲ್ಲಿ ಮಾತ್ರ ಈಗ ಜಯನಗರ ಹುಡುಕಿದರೂ ಸಿಗದು. ಯಜಮಾನರು ಹೊಲಕ್ಕೆ, ಮನೆಯಾಕೆ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿದ್ದರಿಂದ ಮಾರುತಿ ಸಂಕೋಚವಿಲ್ಲದೆ ಬಾನೆಟ್ ಬಿಚ್ಚಿ ಮಾತಾಡಿತು.

ನಾನು: ನಮಸ್ಕಾರ. ಹೇಗಿದ್ದೀರಿ?

ಮಾರುತಿ: ಹೆಂಗಿರದು ಸಾ? ಹಿಂದಿನ ಸೀಟಲ್ಲಿ ಕೋಳಿ ಕಾವು ಕೂತದ. ಡಿಕ್ಕಿಲಿ ಜೋಳದ ಮೂಟೆ ಅದ. ಸರ್ಕಾರದ ಕಡತದಲ್ಲಿ ಮಾತ್ರ ನಾನಿನ್ನೂ ಖಾಸಗಿ ಮೋಟಾರು ವಾಹನ. ರಸ್ತೆ ದಟ್ಟಣೆಗೆ ಕಾರಣ ಆದವರನ್ನ ಲೆಕ್ಕ ಹಾಕುವಾಗ ನನ್ನನ್ನೂ ಸೇರಿಸ್ತಾರೆ, ಕೋಳಿನ ಬಿಡ್ತಾರೆ.

ನಾನು: ಜಯನಗರದಿಂದ ಧನಗೆರೆಗೆ ಬಂದದ್ದು ಹೇಗೆ?

ಮಾರುತಿ: ವಯಸ್ಸಾಯ್ತಲ್ಲ! ಕಾರಿಗೆ ಹದಿನೈದು ತುಂಬಿದ್ರೆ ನೋಂದಣಿ ಮುಗೀತು, ಮತ್ತೆ ಫಿಟ್ನೆಸ್ ಮಾಡಿಸಬೇಕು. 2019ರಲ್ಲಿ ನಂಗೆ ಹದಿನೈದು ತುಂಬ್ತು. ಬೆಂಗಳೂರಲ್ಲಿ ಹದಿನೈದರ ಕಾರು ಅಂದ್ರೆ ಗುಜರಿ. ಅದೇ ಕಾರು ಕನಕಪುರ, ಮಳವಳ್ಳಿ ದಾಟಿ ಕೊಳ್ಳೇಗಾಲಕ್ಕೆ ಬಂದ್ರೆ, ‘ಹೊಸ ಕಾರು ತಕ್ಕಂಡವ್ರೆ’ ಅಂತ ನೋಡಕ್ಕೆ ಬೀದಿ ಜನ ಬರ್ತಾರೆ. ನಂಗೂ ಆರತಿ ಎತ್ತಿದ್ರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಆಗ ನೋಂದಣಿ ನವೀಕರಣಕ್ಕೆ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದನ್ನ 5,000 ಮಾಡಿದ್ರು. 2024ರಲ್ಲಿ ನಮ್ಮ ಯಜಮಾನರು ಆ ದುಡ್ಡು ಕಟ್ಟುವಾಗ ನನ್ನನ್ನ ನೋಡಿದ ನೋಟ ಈಗಲೂ ಮರೆತಿಲ್ಲ.

ನಾನು: ಹಳೆಯ ವಾಹನಗಳು ನಗರ ಬಿಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬುದು ಉದ್ದೇಶವಲ್ಲವೇ?

ಮಾರುತಿ: ಆಯ್ತಲ್ಲ, ನಗರದ್ದು. ನನ್ನ ಹೊಗೆ ಏನೂ ಸಾಯ್ಲಿಲ್ಲ, ನನ್ನ ಜೊತೆನೇ ಊರು ಬಿಡ್ತು. ಬೆಂಗಳೂರಿನ ಲೆಕ್ಕದಲ್ಲಿ ನಾನು ಕಮ್ಮಿಯಾದೆ, ಕೊಳ್ಳೇಗಾಲದಲ್ಲಿ ಲೆಕ್ಕ ಹಾಕೋರಿಲ್ಲ. ನಿವೃತ್ತ ಅಧಿಕಾರಿಗಳನ್ನ ನಿಗಮ ಮಂಡಳಿಗೆ ಹಾಕ್ತಾರಲ್ಲ, ನಮ್ಮಂಥವರನ್ನ ತಾಲ್ಲೂಕಿಗೆ ಹಾಕ್ತಾರೆ.

ನಾನು: ಬೆಂಗಳೂರಿನ ಹದಿನೈದು ವರ್ಷದಲ್ಲಿ ನಿಮ್ಮನ್ನು ಮನೆಯಲ್ಲಿ ನಿಲ್ಲಿಸಲು ಸರ್ಕಾರ ಏನೇನು ಮಾಡಿತು?

ಮಾರುತಿ: ಅಯ್ಯೋ, ಏನೇನೋ ಮಾಡ್ತು. ಮೊದಲು ಹಬ್ಬ ಮಾಡ್ತು. 2010ರ ಫೆಬ್ರವರಿ 4ಕ್ಕೆ ‘ಬಸ್ ಡೇ’ ಅಂತ ಶುರುವಾಯ್ತು. ತಿಂಗಳ ನಾಕನೇ ತಾರೀಕು ಎಲ್ಲರೂ ಬಿಎಂಟಿಸಿ ಬಸ್ಸಲ್ಲೇ ಹೋಗಬೇಕು. ನಮ್ಮ ಜಯನಗರದ ಯಜಮಾನರು ಸಜ್ಜನರು, ತಪ್ಪಿಸ್ತಿರಲಿಲ್ಲ. ಏಕಾದಶಿ ಉಪವಾಸ ಮಾಡಿದವರು ದ್ವಾದಶಿ ಬೆಳಗ್ಗೆ ಎಲೆ ಮುಂದೆ ಕೂತಂಗೆ ಐದನೇ ತಾರೀಕು ನನ್ನನ್ನ ಹತ್ತಿ ಕೂರೋರು. ನಿನ್ನೆ ಬಸ್ಸಲ್ಲಿ ಹೋಗಿ ಬಂದ ಪುಣ್ಯ ಇತ್ತಲ್ಲ, ತಿಂಗಳ ಮಿಕ್ಕ ದಿನಗಳಿಗೆ ಸಾಕಾಗೋದು. 2018ರಲ್ಲಿ ಇನ್ನೊಂದು ಹಬ್ಬ ಬಂತು, ‘ವಿರಳ ಸಂಚಾರ ದಿನ’. ತಿಂಗಳ ಎರಡನೇ ಭಾನುವಾರ ಖಾಸಗಿ ವಾಹನ ತೆಗೀಬೇಡಿ ಅಂತ. ಭಾನುವಾರ! ಸಿಲ್ಕ್ ಬೋರ್ಡಲ್ಲಿ ಸಾಯೋದು ಸೋಮವಾರ, ಉಪವಾಸ ಭಾನುವಾರ.

ನಾನು: ಮೆಟ್ರೋ ಬಂತಲ್ಲ?

ಮಾರುತಿ: ಬಂತು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು. ನಾವು ಜಯನಗರದವರು, ಅದನ್ನ ನೋಡಕ್ಕೆ ನನ್ನಲ್ಲೇ ಕೂತು ಹೋಗಿದ್ವಿ. ನಮ್ಮ ಬಡಾವಣೆಗೆ ಹಸಿರು ಮಾರ್ಗ ಬಂದದ್ದು 2017ರ ಜೂನ್‌ನಲ್ಲಿ. ಅವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ. ನನ್ನ ಕತೆ ಮುಗೀತು ಅಂದ್ಕಂಡೆ. ಮಾರನೇ ದಿನ ಯಜಮಾನರು ನಡ್ಕಂಡು ಸ್ಟೇಷನ್ನಿಗೆ ಹೊರಟರು. ಮೆಟ್ರೋ ಮೇಲೆ ಚೆನ್ನಾಗಿ ಓಡ್ತಿತ್ತು, ಫುಟ್‌ಪಾತ್ ಕೆಳಗೆ ಬಾಯಿ ಬಿಟ್ಕಂಡಿತ್ತು. ಒಂದು ಕಡೆ ಚಪ್ಪಡಿ ಇಲ್ಲ, ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರ್, ಮಧ್ಯೆ ಮಲಗಿದ ನಾಯಿ. ಒಂದು ವಾರ ನಡೆದರು. ಆಮೇಲೆ ಸ್ಟೇಷನ್ ತನಕ ನನ್ನಲ್ಲಿ ಹೋಗಣ ಅಂದ್ರು. ಸ್ಟೇಷನ್ ಹತ್ರ ನನ್ನನ್ನ ನಿಲ್ಲಿಸಕ್ಕೆ ಜಾಗ ಹುಡುಕ್ತಾ ಹುಡುಕ್ತಾ ಅರ್ಧ ದಾರಿ ಬಂದುಬಿಟ್ಟಿರ್ತಿದ್ವಿ. ಹೆಂಗೂ ಸ್ಟಾರ್ಟ್ ಆಗಿದೆ, ಆಫೀಸಿಗೇ ಹೋಗಣ ಅನ್ನೋರು. ಸಾವಿರಾರು ಕೋಟಿ ಸುರಿದು ಕಟ್ಟಿದ ರೈಲನ್ನ ಒಂದು ಚಪ್ಪಡಿ ಕಲ್ಲು ಸೋಲಿಸ್ತು ಸಾ. ಆ ಚಪ್ಪಡಿಗೆ ನಾನು ಋಣಿ.

ನಾನು: ಹಾಗಾದರೆ ನಿಮ್ಮನ್ನು ನಿಜವಾಗಿ ಹೆದರಿಸಿದ ನೀತಿ ಯಾವುದೂ ಇಲ್ಲವೇ?

ಮಾರುತಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಒಂದಿತ್ತು. ನಾನು ಊರು ಬಿಡೋ ಹೊತ್ತಿಗೆ, 2019ರ ಕೊನೇಲಿ, ಹೊರ ವರ್ತುಲ ರಸ್ತೇಲಿ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೇ ಅಂತ ಒಂದು ಪಥ ಮಾಡಿದ್ರು. ‘ನಿಂಬಸ್’ ಅಂತ ಹೆಸರು. ಗೂಟ ನೆಟ್ಟು ನಮ್ಮನ್ನ ಆಚೆಗೆ ನಿಲ್ಲಿಸಿದ್ರು. ನಾವು ಕಾರುಗಳು ಬಂಪರ್‌ಗೆ ಬಂಪರ್ ತಾಗಿಸ್ಕಂಡು ನಿಂತಿದ್ವಿ, ಪಕ್ಕದಲ್ಲಿ ಬಸ್ಸು ಹಾರನ್ ಕೂಡ ಮಾಡದೆ ಸುಯ್ಯನೆ ಹೋಯ್ತು. ನನ್ನೊಳಗೆ ಕೂತಿದ್ದ ಯಜಮಾನರು ಆ ಬಸ್ಸನ್ನ ಕಣ್ಣು ಮರೆಯಾಗೋ ತನಕ ನೋಡಿದ್ರು. ಹದಿನೈದು ವರ್ಷದಲ್ಲಿ ಯಾವ ಭಾಷಣಕ್ಕೂ ಅವರು ಹಂಗೆ ತಲೆ ತಿರುಗಿಸಿರಲಿಲ್ಲ. ಕಾರು ಬಿಡಿಸಕ್ಕೆ ಅಷ್ಟೇ ಸಾಕು ಸಾ: ಕಾರಲ್ಲಿ ಕೂತವನ ಕಣ್ಣೆದುರು ಬಸ್ಸು ಮುಂದೆ ಹೋಗಬೇಕು. ಪುಣ್ಯಕ್ಕೆ ಆಮೇಲೆ ಮೆಟ್ರೋ ಕಾಮಗಾರಿ ಬಂತು, ಗೂಟ ಕಿತ್ತರು.

ನಾನು: ಫ್ಲೈಓವರ್‌ಗಳು?

ಮಾರುತಿ: ಅವು ನಮ್ಮ ಹೆರಿಗೆ ಆಸ್ಪತ್ರೆಗಳು. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಎತ್ತರದ ರಸ್ತೆ ತೆರೆದಾಗ ಅದರ ಮೇಲೆ ಓಡಕ್ಕೆ ಅಂತಲೇ ನಮ್ಮ ಬೀದೀಲಿ ಹೊಸ ಕಾರು ತಕ್ಕಂಡೋರನ್ನ ನಾನು ಕಂಡಿದೀನಿ. ರಸ್ತೆ ಅಗಲ ಮಾಡಿ ದಟ್ಟಣೆ ಇಳಿಸ್ತೀನಿ ಅನ್ನೋರು ಸಿಕ್ಕಿದ್ರೆ ಅವರ ಪಾದಕ್ಕೆ ನನ್ನ ವೈಪರ್ ಆಡಿಸ್ತೀನಿ.

ನಾನು: ಪಾರ್ಕಿಂಗ್‌ಗೆ ಶುಲ್ಕ ಹಾಕುವ ಮಾತು?

ಮಾರುತಿ: 2021ರಲ್ಲಿ ಬೆಂಗಳೂರಿಗೆ ಹೊಸ ಪಾರ್ಕಿಂಗ್ ನೀತಿಗೆ ಸರ್ಕಾರ ಒಪ್ಪಿಗೆ ಕೊಡ್ತು. ಮನೆ ಮುಂದಿನ ರಸ್ತೇಲಿ ನಿಲ್ಲಿಸಕ್ಕೆ ಸಣ್ಣ ಕಾರಿಗೆ ವರ್ಷಕ್ಕೆ ಸಾವಿರ ರೂಪಾಯಿ ಪರ್ಮಿಟ್ ಅಂತ. ಜನ ಎದ್ದು ಕೂತ್ರು: ನಮ್ಮ ಮನೆ ಮುಂದೆ ನಾವು ನಿಲ್ಲಿಸಕ್ಕೆ ದುಡ್ಡಾ? ಮುಂದಿರೋದು ಮನೆಯಲ್ಲ, ರಸ್ತೆ ಅಂತ ಹೇಳೋ ಧೈರ್ಯ ಯಾರಿಗೂ ಬರಲಿಲ್ಲ. ಆ ನೀತಿನೇ ಎಲ್ಲೋ ಪಾರ್ಕ್ ಮಾಡವ್ರೆ. ಪುಕ್ಕಟೆಯಾಗಿ.

(ಇಲ್ಲಿ ಹಿಂದಿನ ಸೀಟಿನ ಕೋಳಿ ಇಳಿದು ಮೇಯಲು ಹೋದದ್ದರಿಂದ ಸಂದರ್ಶನ ಸ್ವಲ್ಪ ನಿರಾಳವಾಯಿತು.)

ನಾನು: ಧನಗೆರೆಗೆ ಬಂದ ಮೇಲೆ?

ಮಾರುತಿ: ಮೊದಲ ಮೂರು ವರ್ಷ ರಾಜಯೋಗ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ನಾನೇ, ಚಿಕ್ಕಲ್ಲೂರು ಜಾತ್ರೆಗೆ ನಾನೇ, ಮೈಸೂರಿನ ಆಸ್ಪತ್ರೆಗೆ ನಾನೇ. ಮನೆಯ ಅಮ್ಮನಿಗೆ ತವರಿಗೆ ಹೋಗಬೇಕು ಅಂದ್ರೆ ಮೊದಲು ನನ್ನ ಟ್ಯಾಂಕ್ ನೋಡಬೇಕು, ಆಮೇಲೆ ಯಜಮಾನರ ಮುಖ ನೋಡಬೇಕು. ಎರಡೂ ತುಂಬಿದ್ದ ದಿನ ತಿಂಗಳಿಗೆ ಒಂದು ಬಂದ್ರೆ ಹೆಚ್ಚು. ‘ಈ ವಾರ ಆಗಲ್ಲ ಕನ’ ಅನ್ನೋ ಮಾತು ಹೇಳುವಾಗ ಯಜಮಾನರ ಕೈಲಿ ನನ್ನ ಕೀಲಿ ಗಿರಗಿರ ತಿರುಗ್ತಿತ್ತು. ನಾನು ವಾಹನ ಅಂತ ನೀವು ತಿಳ್ಕಂಡಿದೀರ. ಈ ಮನೇಲಿ ನಾನು ಅಧಿಕಾರ.

ನಾನು: ಆಮೇಲೆ ‘ಶಕ್ತಿ’ ಬಂತು.

ಮಾರುತಿ: 2023ರ ಜೂನ್ 11, ಭಾನುವಾರ. ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ ಅಂದ್ರು. ಅಂದ್ರೆ ಟಿಕೆಟ್ ಉಂಟು, ಅದರ ಮೇಲೆ ಸೊನ್ನೆ. ಆ ವಾರ ಕೊಳ್ಳೇಗಾಲದ ಬಸ್ ನಿಲ್ದಾಣ ನೋಡಬೇಕಿತ್ತು ನೀವು! ಬೆಟ್ಟದ ಬಸ್ಸಿಗೆ ಹತ್ತೋ ರಭಸಕ್ಕೆ ಬಸ್ಸಿನ ಬಾಗಿಲೇ ಕಿತ್ಕಂಡು ಬಂತು. ಅದರ ವಿಡಿಯೊ ನಾಡೆಲ್ಲ ನೋಡಿ ನಕ್ಕಿತು. ಗಂಡಸರು ಕಟ್ಟೆ ಮೇಲೆ ಕೂತು, ‘ಪುಕ್ಕಟೆ ಅಂದ್ರೆ ಹಿಂಗೆ’ ಅಂದ್ರು. ನಂಗೆ ನಗು ಬರಲಿಲ್ಲ. ನಾನು ಬಾಗಿಲಿರೋ ಜಾತಿ. ಅಷ್ಟು ವರ್ಷ ಎಷ್ಟು ಬಾಗಿಲು ಮುಚ್ಚಿದ್ರೆ ಒಂದು ಬಾಗಿಲು ಹಂಗೆ ಕಿತ್ತು ಬರ್ತದೆ ಅಂತ ನಂಗೆ ಅಂದಾಜು ಅದ.

ನಾನು: ನಿಮ್ಮ ಮನೆಯಲ್ಲಿ ಏನಾಯಿತು?

ಮಾರುತಿ: ಅಮ್ಮ ಆಧಾರ್ ಕಾರ್ಡು ಸೆರಗಿಗೆ ಗಂಟು ಹಾಕ್ಕಂಡು ಅಕ್ಕಪಕ್ಕದವರ ಜೊತೆ ಬೆಟ್ಟಕ್ಕೆ ಹೋಗಿ ಬಂದ್ರು. ಬಂದವರು ಯಜಮಾನರಿಗೆ ಪ್ರಸಾದ ಕೊಟ್ಟರು. ಹೋಗುವಾಗ ಕೇಳಿರಲಿಲ್ಲ. ಯಜಮಾನರು ಲಾಡು ಕೈಲಿ ಹಿಡಿದು ನನ್ನ ಹತ್ರ ಬಂದು ನಿಂತ್ರು. ಇಬ್ಬರಿಗೂ ಒಂದೇ ಸಂಕಟ. ಪೆಟ್ರೋಲ್ ಉಳೀತಲ್ಲ ಅಂತ ಸಂತೋಷ ಪಡಬೇಕಿತ್ತು, ಆಗಲಿಲ್ಲ. ಮುಂದಿನ ತಿಂಗಳು ಅಮ್ಮ ಕೊಳ್ಳೇಗಾಲದಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ರು. ಅವತ್ತಿಂದ ನನ್ನ ಹಿಂದಿನ ಸೀಟು ಕೋಳಿಗೆ ಗುತ್ತಿಗೆ.

ನಾನು: ಅಂದರೆ ಸಾರ್ವಜನಿಕ ಸಾರಿಗೆ ಗೆದ್ದಿತು, ಕಾರು ಸೋತಿತು. ತಜ್ಞರು ಬಯಸಿದ್ದು ಇದನ್ನೇ.

ಮಾರುತಿ: ನೀವೂ ತಜ್ಞರಂಗೇ ಮಾತಾಡ್ತೀರ. ಶಕ್ತಿಯಲ್ಲಿ ಕೊಟ್ಟ ಸೊನ್ನೆ ಟಿಕೆಟ್ಟು 2025ರ ಜುಲೈಗೆ 500 ಕೋಟಿ ದಾಟ್ತು. ಆ 500 ಕೋಟೀಲಿ ಕಾರಿಂದ ಇಳಿದು ಬಸ್ ಹತ್ತಿದೋರು ಎಷ್ಟು ಜನ? ಕೇಂದ್ರ ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, 2019–21ರಲ್ಲಿ, ಇಡೀ ದೇಶದಲ್ಲಿ ನೂರು ಮನೆಗೆ ಏಳೂವರೆ ಮನೇಲಿ ಕಾರಿತ್ತು. ಕಾರೇ ಇಲ್ಲದ ಮನೆಯವರು ಕಾರು ಬಿಡೋದು ಹೆಂಗೆ? ಹೆಂಗಸರು ನನ್ನಿಂದ ಇಳಿದು ಬಸ್ ಹತ್ತಲಿಲ್ಲ ಸಾ. ಹೊಸಿಲಿಂದ ಇಳಿದು ಹತ್ತಿದ್ರು. ನಡ್ಕಂಡು ಹೋಗ್ತಿದ್ದೋರು, ಹೋಗದೇ ಇದ್ದೋರು, ಹೋಗಬೇಡ ಅನ್ನಿಸ್ಕಂಡೋರು. ಅದು ದೊಡ್ಡ ಕೆಲಸ, ನಾನು ಇಲ್ಲ ಅನ್ನಲ್ಲ. ಆದ್ರೆ ಅದನ್ನ ನನ್ನ ಸೋಲಿನ ಲೆಕ್ಕಕ್ಕೆ ಬರೀಬೇಡಿ. ಯುರೋಪಿನ ಲಕ್ಸಂಬರ್ಗ್ ಅನ್ನೋ ಪುಟ್ಟ ದೇಶದಲ್ಲಿ 2020ರಿಂದ ಹೆಂಗಸು ಗಂಡಸು ಎಲ್ಲರಿಗೂ ಬಸ್ಸು, ಟ್ರಾಮು, ರೈಲು ಪುಕ್ಕಟೆ. ತಲೆಗೆ ಇಷ್ಟು ಕಾರು ಅಂತ ಲೆಕ್ಕ ಹಾಕಿದ್ರೆ ಯುರೋಪಿನಲ್ಲಿ ಈಗಲೂ ಮುಂದಿನ ಸಾಲಲ್ಲಿ ನಿಲ್ಲೋ ದೇಶ ಅದು. ಅಲ್ಲಿರೋ ನಮ್ಮೋರು ಆರಾಮಾಗವ್ರೆ.

ನಾನು: ಯಜಮಾನರಾದರೂ ಬಸ್ಸಿಗೆ ಹೋಗಬಹುದಿತ್ತಲ್ಲ?

ಮಾರುತಿ: ಅವರಿಗೆ ಟಿಕೆಟ್ ಉಂಟಲ್ಲ. 2025ರ ಜನವರೀಲಿ ಬಸ್ ದರ ಶೇಕಡಾ 15 ಏರ್ತು. ಶಕ್ತಿಯಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ನಿಯಮ ಅದ. ಅದನ್ನ ಕಂಡಕ್ಟರಿಗೆ ನೆನಪಿಸಕ್ಕೆ ಹೋದ ಒಬ್ಬರಿಗೆ ಮುಂದಿನ ಸೀಟಿನ ಅಜ್ಜಿ, ‘ನಿನ್ನ ವಯಸ್ಸಿಗೆ ನಿಂತ್ಕಳಕ್ಕಾಗಲ್ವಾ ಮಗ?’ ಅಂತ ಕೇಳ್ತಂತೆ. ಅವತ್ತಿಂದ ಯಜಮಾನರು ಸ್ಪ್ಲೆಂಡರ್. ನಗರದಲ್ಲಿ ಕಾರು, ಬಸ್ಸು ಅಂತ ಎರಡೇ ಪಕ್ಷ ಮಾಡಿ ಜಗಳ ಹಚ್ತಾರೆ. ನಮ್ಮ ಕಡೆ ಇಬ್ಬರನ್ನೂ ತಿಂದಿರೋದು ಆ ಬೈಕು. ಮೂರು ಜನ, ಒಂದು ಗೊಬ್ಬರದ ಚೀಲ, ಒಂದು ಕುರಿಮರಿ. ಯಾವ ನೀತಿಗೂ ಅದು ಕಾಣಲ್ಲ.

ನಾನು: ಹಾಗಾದರೆ ನೀವು ಪೂರ್ತಿ ನಿರುದ್ಯೋಗಿ?

ಮಾರುತಿ: ಹಗಲು ಹೊತ್ತು. ರಾತ್ರಿ ಒಂಬತ್ತರ ಮೇಲೆ ಈ ಬೀದಿಗೆ ನಾನೇ ಸಾರಿಗೆ ಸಂಸ್ಥೆ. ಹೆರಿಗೆ ನೋವು, ಎದೆ ನೋವು, ಹಾವು ಕಡಿತ, ಬೆಂಗಳೂರಿಂದ ಮಧ್ಯರಾತ್ರಿ ಬಂದು ಕೊಳ್ಳೇಗಾಲದಲ್ಲಿ ಇಳಿದ ಮಕ್ಕಳು. ಆಗ ಟಿಕೆಟ್ಟೂ ಸೊನ್ನೆ, ಬಸ್ಸೂ ಸೊನ್ನೆ. ಬಸ್ಸಿನ ದರ ಇಳಿಸಿದ್ರೆ ನಂಗೇನೂ ಹೆದರಿಕೆ ಇಲ್ಲ. ಬಸ್ಸಿನ ಸಂಖ್ಯೆ ಏರಿಸಿದ್ರೆ ಹೆದರಿಕೆ. ಪಕ್ಕದ ಬಂಡೀಪುರ ನೋಡಿ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಕಾಡಿನ ರಸ್ತೇಲಿ ಸಂಚಾರ ನಿಷೇಧ. ಆನೆಗಳಿಗೆ ಒಂದು ವೇಳಾಪಟ್ಟಿ ಅದ, ಅದನ್ನ ಪಾಲಿಸಕ್ಕೆ ಗೇಟೂ ಅದ. ಆನೆ ಜಾತೀಲಿ ಹುಟ್ಟಬೇಕಿತ್ತು ಅಂತ ನಮ್ಮ ಬೀದಿ ಅಜ್ಜಿ ಅಂತಿರ್ತದೆ.

ನಾನು: ರಾತ್ರಿ ಕರೆದುಕೊಂಡು ಹೋದರೆ ಬಾಡಿಗೆ?

ಮಾರುತಿ: ಆ ಮಾತು ಆಡಬೇಡಿ! ಬಿಳಿ ಬೋರ್ಡು. ಪೆಟ್ರೋಲ್ ಖರ್ಚು ಅನ್ನಿ. ಬೆಂಗಳೂರಲ್ಲಿ ಹತ್ತು ವರ್ಷ ‘ಒಬ್ಬೊಬ್ಬರೇ ಯಾಕೆ ಹೋಗ್ತೀರ, ಕಾರು ಹಂಚಿಕೊಳ್ಳಿ’ ಅಂತ ಬೋಧನೆ ಮಾಡಿದ್ರು. ಆ್ಯಪ್ ಮಾಡಿ ಹಂಚಿಕೊಳ್ಳಕ್ಕೆ ಶುರು ಮಾಡಿದ್ರೆ, 2023ರಲ್ಲಿ ಸಾರಿಗೆ ಇಲಾಖೆ, ಬಿಳಿ ಬೋರ್ಡಿನ ಕಾರಲ್ಲಿ ದುಡ್ಡು ತಗೊಂಡು ಜನ ಹತ್ತಿಸಿದ್ರೆ ಕಾನೂನು ಉಲ್ಲಂಘನೆ ಅಂತ ಎಚ್ಚರಿಸ್ತು. ಹಳದಿ ಬೋರ್ಡಿನವರ ಹೊಟ್ಟೆಪಾಡು ಅದ, ಅದೂ ನಿಜವೇ. ಒಟ್ಟಿನಲ್ಲಿ ಒಬ್ಬನೇ ಕೂತು ನಾಕು ಜನರ ಜಾಗ ಖಾಲಿ ಒಯ್ದರೆ ಸಭ್ಯ ನಾಗರಿಕ, ನಾಕು ಜನ ಕೂರಿಸ್ಕಂಡ್ರೆ ಅಪರಾಧಿ. ನನ್ನ ಸೀಟಲ್ಲಿ ಕೋಳಿ ಕೂತಿರೋದು ಎಷ್ಟೋ ಕಾನೂನುಬದ್ಧ.

ನಾನು: ಬೇರೆ ಊರುಗಳಲ್ಲಿ ಕಠಿಣ ಕ್ರಮಗಳಿವೆ. ದೆಹಲಿಯಲ್ಲಿ 2016ರಲ್ಲಿ ಸಮ–ಬೆಸ ನಿಯಮ ತಂದರು. ಬೆಂಗಳೂರಿಗೂ ಬರಲಿ ಎನ್ನುವವರಿದ್ದಾರೆ.

ಮಾರುತಿ: ಬರಲಿ ಸಾ, ಬೇಗ ಬರಲಿ! ನಾನು ಮಾದಪ್ಪನಿಗೆ ಹರಕೆ ಹೊತ್ತಿದೀನಿ. ಮೆಕ್ಸಿಕೋ ನಗರದಲ್ಲಿ 1989ರಲ್ಲೇ ಇಂಥದ್ದೊಂದು ತಂದ್ರು. ನಂಬರ್ ಪ್ಲೇಟಿನ ಕೊನೇ ಅಂಕಿ ನೋಡಿ ವಾರಕ್ಕೆ ಒಂದು ದಿನ ಕಾರು ತೆಗೆಯಂಗಿಲ್ಲ. ಜನ ಏನ್ ಮಾಡಿದ್ರು ಗೊತ್ತಾ? ಬೇರೆ ನಂಬರಿನ ಇನ್ನೊಂದು ಕಾರು ತಕ್ಕಂಡ್ರು. ಹೊಸದಲ್ಲ, ನನ್ನಂಥ ಹಳೇದು, ಅಗ್ಗದ್ದು. ಅಲ್ಲಿವರೆಗೆ ನಗರದಿಂದ ಹಳ್ಳಿಗೆ ಹೋಗ್ತಿದ್ದ ಹಳೇ ಕಾರುಗಳು ಹಳ್ಳಿಯಿಂದ ನಗರಕ್ಕೆ ಹರಿದವು. ನಮ್ಮ ಜಯನಗರದ ಯಜಮಾನರ ಹೊಸ ಕಾರಿನ ನಂಬರು ಸಮ. ನಂದು ಬೆಸ. ನಿಯಮ ಬಂದ ವಾರಕ್ಕೇ ನಂಗೆ ಕರೆ ಬತ್ತದ. ನೀವು ಆ ನೀತಿ ಪರವಾಗಿ ನಿಮ್ಮ ಲೇಖನದಲ್ಲಿ ಎರಡು ಸಾಲು ಗಟ್ಟಿಯಾಗಿ ಬರೀರಿ.

ನಾನು: ಸಿಂಗಪುರದಂತೆ ಮಾಡಿದರೆ? 1990ರಿಂದ ಅಲ್ಲಿ ಕಾರು ಕೊಳ್ಳುವ ಮೊದಲು ಹತ್ತು ವರ್ಷದ ಹಕ್ಕುಪತ್ರವನ್ನು ಹರಾಜಿನಲ್ಲಿ ಕೊಳ್ಳಬೇಕು. ಎಷ್ಟೋ ಸಲ ಕಾರಿಗಿಂತ ಕಾಗದವೇ ದುಬಾರಿ.

ಮಾರುತಿ: ಥೂ, ಕೆಟ್ಟ ಮಾತು. ನಮ್ಮಲ್ಲಿ ಅಂಥದ್ದು ಮಾಡಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಸವ್ರೆ. ಅದೇ ವರ್ಷ ಫೆಬ್ರವರೀಲಿ ಬೆಂಗಳೂರು ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿಸಿದ್ರು. ಎರಡನ್ನೂ ಒಟ್ಟಿಗೆ ಓದಿ ನೋಡಿ. ಸರ್ಕಾರಗಳು ಬೇರೆ ಬೇರೆ ಇರಬೌದು, ಪ್ರೀತಿ ಯಾರ ಕಡೆ ಅನ್ನದು ಒಂದೇ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ ಅಂತಾವ್ರೆ, 17 ಸಾವಿರ ಕೋಟಿಗೂ ಮೇಲೆ. ಶಕ್ತಿಗೆ 2025–26ರಲ್ಲಿ ಇಟ್ಟಿದ್ದು 5,300 ಕೋಟಿ. ಮೂರು ವರ್ಷ ಇಡೀ ರಾಜ್ಯದ ಹೆಂಗಸರು ಓಡಾಡೋ ದುಡ್ಡನ್ನ ಒಂದು ಬಿಲಕ್ಕೆ ಸುರೀತಾರೆ. ಕಟ್ಟೆ ಮೇಲೆ ಕೂತು ಹೆಂಗಸರದ್ದು ಬಿಟ್ಟಿ ಅಂತಾರಲ್ಲ, ಈ ಸುರಂಗನ ಬಿಟ್ಟಿ ಅಂದ ಗಂಡಸನ್ನ ನಾನಂತೂ ಧನಗೆರೇಲಿ ನೋಡಿಲ್ಲ.

ನಾನು: ಸುರಂಗಕ್ಕೆ ವಿರೋಧ ಬಂದಾಗ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಒಂದು ಮಾತು ಹೇಳಿದ್ದರು. ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಾರೆ ಎಂಬ ಅರ್ಥದಲ್ಲಿ.

ಮಾರುತಿ: ಎಲ್ಲರೂ ನಕ್ಕರು, ಅಲ್ವಾ? ನಂಗೆ ಇಪ್ಪತ್ತು ವರ್ಷದಲ್ಲಿ ನಮ್ಮ ಬಗ್ಗೆ ನಿಜ ಹೇಳಿದ ಒಬ್ಬ ರಾಜಕಾರಣಿ ಸಿಕ್ಕಿದ್ರು ಅನ್ನಿಸ್ತು. ತಜ್ಞರು ನನ್ನನ್ನ ಸಾರಿಗೆ ಅಂತ ತಿಳ್ಕಂಡು ಬಸ್ಸು ತಂದು ನಿಲ್ಲಿಸ್ತಾರೆ. ನಾನು ಜಾತಕ! ಬಸ್ ಪಾಸಿಗೆ ಜಾತಕ ಕೂಡಿಬರ್ತದಾ? ಆದ್ರೆ ರೋಗ ಸರಿಯಾಗಿ ಹೇಳಿ ಮದ್ದು ತಪ್ಪು ಬರೆದ್ರು. ಹೆಣ್ಣು ಸಿಗದ ಹುಡುಗನಿಗೆ ಸುರಂಗ ತೋಡಿಕೊಟ್ರೆ ಏನ್ ಮಾಡ್ತಾನೆ ಅವನು?

ನಾನು: ನಿಮ್ಮ ಸೀಮೆಗೂ ಆ ಸಮಸ್ಯೆಗೂ ಹಳೆಯ ನಂಟು.

ಮಾರುತಿ: 2023ರ ಫೆಬ್ರವರೀಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ರು. ಬ್ರಹ್ಮಚಾರಿಗಳ ಪಾದಯಾತ್ರೆ ಅಂತ. ರೈತರ ಮಕ್ಕಳು, ಮೂವತ್ತು ದಾಟಿದೋರು, ಹೆಣ್ಣು ಕೊಡಪ್ಪಾ ಅಂತ ದೇವರನ್ನ ಕೇಳಕ್ಕೆ ನೂರು ಕಿಲೋಮೀಟರ್ ನಡೆದರು. ಪಾಪ, ಅನ್ನಿಸ್ತು. ಕೂಡ್ಲೇ ಇನ್ನೊಂದು ಅನ್ನಿಸ್ತು. ಹೆಣ್ಣಿನ ಕಡೆಯವರಿಗೆ ಹುಡುಗ ನಡ್ಕಂಡು ಹೋಗೋನು ಅಂತ ಗೊತ್ತಾದ್ರೆ ಇನ್ನೂ ಕಷ್ಟ ಅಲ್ವಾ? ನಾಕು ತಿಂಗಳಿಗೆ ಅದೇ ಬೆಟ್ಟಕ್ಕೆ ಹೆಂಗಸರು ಬಸ್ಸಿನ ಬಾಗಿಲು ಕಿತ್ಕಂಡು ಹೋದ್ರು. ಗಂಡಸರು ಹೆಣ್ಣು ಬೇಕು ಅಂತ ನಡೆದ ದಾರೀಲೇ ಹೆಂಗಸರು ಗಂಡಸರನ್ನ ಕೇಳದೆ ಬಸ್ಸಲ್ಲಿ ಹೋದ್ರು. ಮಾದಪ್ಪ ಯಾರ ಮಾತು ಕೇಳಬೇಕು ಹೇಳಿ.

ನಾನು: ರೈಲು ಬಂದಿದ್ದರೆ ನಿಮ್ಮ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ.

ಮಾರುತಿ: ಯಾವುದು, ನಮ್ಮ ರೈಲಾ? ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರ್. ಮಂಜೂರಾಗಿದ್ದು 1996–97ರಲ್ಲಿ, ದೇವೇಗೌಡರು ಪ್ರಧಾನಿಯಾಗಿದ್ದಾಗ. ನಾನು ಆಗ ಹುಟ್ಟೇ ಇರಲಿಲ್ಲ. ಆ ರೈಲಿನ ಜೊತೆ ಹುಟ್ಟಿದ ಹುಡುಗರಿಗೆ ಈಗ ಹೆಣ್ಣು ಹುಡುಕ್ತಾವ್ರೆ. ನಾನು ಹುಟ್ಟಿ, ಓಡಿ, ಮುದುಕನಾಗಿ, ಕೋಳಿಗೂಡಾದೆ, ಅದಿನ್ನೂ ಬಂದೇ ಇಲ್ಲ. 1956ಕ್ಕೆ ಮುಂಚೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೇಲಿತ್ತು. ಆಗ ಅವರು ರೈಲು ಹಾಕಲಿಲ್ಲ, ಆಮೇಲೆ ನಾವು ಹಾಕಲಿಲ್ಲ. ಈ ವಿಷಯದಲ್ಲಿ ಎರಡು ರಾಜ್ಯಗಳ ಮಧ್ಯೆ ಯಾವ ವ್ಯಾಜ್ಯವೂ ಇಲ್ಲ.

ನಾನು: ನಿಮ್ಮ ಮುಂದಿನ ಬದುಕು?

ಮಾರುತಿ: ಇನ್ನೇನು, ನಂಗೆ ಉತ್ತರಾಧಿಕಾರಿ ಗೊತ್ತು ಮಾಡಾಯ್ತು. ಮಗ ಬೆಂಗಳೂರಲ್ಲಿ ಕೆಲಸ ಮಾಡ್ತಾನಲ್ಲ, ಅವನಿಗೆ ಹೊಸ ಕಾರು ಬುಕ್ ಮಾಡವ್ರೆ. ಅವನು ಕೆಲಸಕ್ಕೆ ಹೋಗೋದು ಮೆಟ್ರೋದಲ್ಲಿ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೆ ಶುರುವಾಯ್ತಲ್ಲ, ಅದರಲ್ಲಿ. ಕಾರು ಬಾಡಿಗೆ ಮನೆ ಮುಂದೆ ನಿಂತಿರ್ತದೆ. ಕಾರು ಬೇಕಾಗಿರೋದು ಕೆಲಸಕ್ಕಲ್ಲ, ಭಾನುವಾರ ಮಳವಳ್ಳಿ ಕಡೆ ಹೆಣ್ಣು ನೋಡಕ್ಕೆ. ಆಮೇಲೆ ನನ್ನನ್ನ ಹುಲ್ಲಿನ ಮೆದೆ ಹಿಂದಕ್ಕೆ ತಳ್ಳಿ ನಿಲ್ಲಿಸ್ತಾರಂತೆ. ಹೆಣ್ಣಿನ ಕಡೆಯವರು ಮನೆ ನೋಡಕ್ಕೆ ಬಂದಾಗ ಕಾಣಬಾರದು ಅಂತ.

ನಾನು: ಅಷ್ಟು ದುಡ್ಡು?

ಮಾರುತಿ: ಸಾಲ. ಮುಂಗಡ ಮಾತ್ರ ಅಮ್ಮಂದು. ಬಸ್ ಟಿಕೆಟ್ಟಿಗೆ ಹೋಗ್ತಿದ್ದ ದುಡ್ಡು, ಗೃಹಲಕ್ಷ್ಮಿಯ ಎರಡು ಸಾವಿರ, ಹೊಲಿಗೆ ಕೂಲಿ, ಎಲ್ಲಾ ಸೇರಿಸಿ ಎರಡು ವರ್ಷ ಚೀಟಿ ಹಾಕಿದ್ರು. ಚೀಟಿ ಎತ್ತಿ ಷೋರೂಮಿಗೆ ಕಟ್ಟಿ ಬಂದ್ರು. ಹೋಗಿ ಬಂದದ್ದು ಬಸ್ಸಲ್ಲೇ, ಸೊನ್ನೆ ಟಿಕೆಟ್ಟಲ್ಲಿ.

ನಾನು: ಅಂದರೆ ಬಸ್ಸಿಗೆಂದು ಸರ್ಕಾರ ಕೊಟ್ಟ ಹಣದಿಂದ ಕಾರು ಬರುತ್ತಿದೆ!

ಮಾರುತಿ: ಶ್! ಇದನ್ನ ಮಾತ್ರ ಬರೀಬೇಡಿ. ಯಾರಾದ್ರೂ ತಜ್ಞರು ಓದಿದ್ರೆ ಟಿಕೆಟ್ಟೇ ನಿಲ್ಲಿಸಿ ಅಂತ ವರದಿ ಕೊಟ್ಟಾರು. ಆಮೇಲೆ ಅಮ್ಮ ಮತ್ತೆ ನನ್ನ ಪಕ್ಕ ಬಂದು ಯಜಮಾನರ ಮುಖ ನೋಡ್ತಾ ನಿಲ್ಲಬೇಕು. ನಂಗೆ ಎಷ್ಟೇ ನಷ್ಟ ಆಗಲಿ, ಅದು ಬೇಡ. ನಾನೂ ಇದೇ ಮನೆಯ ಮೆಂತ್ಯದ ಹಿಟ್ಟಿನ ವಾಸನೆ ಕುಡಿದು ಆರು ವರ್ಷ ಬದುಕಿದೀನಿ.

ನಾನು: ಹೊಸ ಕಾರು ಬಂದ ಮೇಲೆ ಅಮ್ಮ ಅದರಲ್ಲಿ ಕೆಲಸಕ್ಕೆ ಹೋಗುವುದಿಲ್ಲವೇ?

ಮಾರುತಿ: ಮಗ ಅದನ್ನೇ ಕೇಳ್ದ. ‘ಕಾರಲ್ಲಿ ಯಾರ ಜೊತೆ ಮಾತಾಡ್ಲಿ?’ ಅಂದ್ರು.

ನಾನು: ಹುಡುಗಿಯ ಕಡೆಯವರು ಒಪ್ಪಿದ್ದಾರಾ?

ಮಾರುತಿ: ಕಾರು ಬುಕ್ ಆಗಿದೆ ಅಂದಿದ್ದಕ್ಕೆ ಅವರಪ್ಪ ಒಪ್ಪವ್ರೆ. ಹುಡುಗಿ ಮಾತ್ರ ಫೋನಲ್ಲಿ ಒಂದೇ ಒಂದು ಷರತ್ತು ಹಾಕ್ದಳಂತೆ. ಬೆಂಗಳೂರಲ್ಲಿ ಮನೆ ಮಾಡೋದಾದ್ರೆ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇರಬೇಕಂತೆ.